ಸೆಲರಿ ಹೂ ಬಿಡುವ ತನಕ

ಅಕ್ಕನ ಹನ್ನೊಂದನೆಯ ದಿನಕ್ಕೆ ನನ್ನ ಮಗಳು ಎರಡು ಫೋಟೋಗಳಿಗೆ ಕಟ್ಟು ಹಾಕಿಸಿ ತಂದಳು. ಒಂದು ಅಕ್ಕನದು, ಇನ್ನೊಂದು ಎಂದೋ ತೀರಿಹೋದ ನಮ್ಮ ಭಾವನದು. ಎರಡನ್ನೂ ಮೇಜಿನ ಮೇಲಿಟ್ಟು, ಮೂರನೆಯದಕ್ಕೆ ಜಾಗ ಬಿಟ್ಟು ನಿಂತಳು.

"ತಾತಂದು ಎಲ್ಲಿ ಡ್ಯಾಡಿ?"

"ಇಲ್ಲ."

"ಸೀರಿಯಸ್ಲೀ? ಒಂದೂ ಇಲ್ವಾ?"

ಅವಳು ತಾತ ಎನ್ನುವುದು ನಮ್ಮ ಪಕ್ಕದ ಮನೆಯಲ್ಲಿದ್ದವರನ್ನು. ಅವರ ಜನ ಫೋಟೋ ತೆಗೆಸಿಕೊಳ್ಳುವುದಿಲ್ಲ. ಇಡೀ ಮನೆ ಹುಡುಕಿದ ಮೇಲೆ ಸಿಕ್ಕಿದ್ದು ಒಂದೇ. ಮಗಳ ಯಾವುದೋ ಹುಟ್ಟುಹಬ್ಬದ ಚಿತ್ರದ ಅಂಚಿನಲ್ಲಿ ಕಪ್ಪು ಕೋಟಿನ ಒಂದು ತೋಳು, ಅದರ ತುದಿಯಲ್ಲಿ ಕೇಕಿನ ತಟ್ಟೆ. ತೋಳಿಗೆ ಹಾರ ಹಾಕಲು ಬರುವುದಿಲ್ಲ. ಆದ್ದರಿಂದ ಬರೆಯಲು ಕೂತಿದ್ದೇನೆ. ನಾನು ಹೈಸ್ಕೂಲು ಮುಗಿಸಿದವನು, ಬರೆದು ಅಭ್ಯಾಸವಿಲ್ಲ. ಹೆಸರನ್ನು ಮಾತ್ರ ಬರೆಯುವುದಿಲ್ಲ. ಅಕ್ಕ ಒಮ್ಮೆ ಬಿಟ್ಟ ಅವರ ಹೆಸರನ್ನು ಕೊನೆಯವರೆಗೂ ಮತ್ತೆ ಬಾಯಲ್ಲಿ ಹೇಳಲಿಲ್ಲ. ಅವಳು ಹೇಳದ್ದನ್ನು ನಾನು ಬರೆಯುವುದು ಸರಿಯಲ್ಲ.

ಎಂಬತ್ತರ ದಶಕದಲ್ಲಿ ಅವರು ಸ್ಯಾನ್ ಹೋಸೆಗೆ ಹತ್ತಿರದ ಗಿಲ್‌ರಾಯ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯವರು. ನಮ್ಮ ಮನೆ ಎಂದೆ, ಅದು ಅಕ್ಕನ ಮನೆ. ಎಂಜಿನಿಯರಾಗಿದ್ದ ಭಾವ ಅಗ್ಗವೆಂದು ಊರಾಚೆ ಕೊಂಡು, ಎರಡು ವರ್ಷ ಸುತ್ತಲಿನ ಹೊಲಗಳ ಬೆಳ್ಳುಳ್ಳಿ ವಾಸನೆಯನ್ನು ಬೈಯುತ್ತಾ ಬಾಳಿ, ಒಂದು ದಿನ ಎದೆನೋವೆಂದು ಕೂತವರು ಏಳಲಿಲ್ಲ. ಅಕ್ಕನಿಗೆ ಮಕ್ಕಳಿರಲಿಲ್ಲ. ಮಂಡ್ಯದ ಕಡೆಯಿಂದ ಅಕ್ಕ ಭಾವ ಕರೆಸಿಕೊಂಡಿದ್ದ ನಾನು, ನನ್ನ ಹೆಂಡತಿ, ಎರಡು ಮಕ್ಕಳು ಅದೇ ಮನೆಯಲ್ಲಿದ್ದೆವು. ನಾನು ಸ್ಯಾನ್ ಹೋಸೆಯ ಒಂದು ಗೋದಾಮಿನಲ್ಲಿದ್ದೆ. ಹೆಂಡತಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದಳು. ಮಕ್ಕಳಿಗೆ ಉಣಿಸುವುದು, ತಲೆ ಬಾಚುವುದು, ಶಾಲೆಗೆ ಕಳಿಸುವುದು ಎಲ್ಲ ಅಕ್ಕನದೇ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ತಪ್ಪಿನ ಬುಡ ಇರುವುದು ಇಲ್ಲಿ.

ಪಕ್ಕದ ಅವರ ಮನೆಯಲ್ಲಿ ಸಂಜೆ ಕರೆಂಟು ದೀಪ ಹತ್ತುತ್ತಿರಲಿಲ್ಲ. ಸೀಮೆಎಣ್ಣೆಯ ಲ್ಯಾಂಪೊಂದು ಕಿಟಕಿಯಲ್ಲಿ ಮಿಣಮಿಣ ಎನ್ನುತ್ತಿತ್ತು.

"ಪಾಪ ಕಣ್ಲಾ," ಅಂದಳು ಅಕ್ಕ. "ಬಿಲ್ಲು ಕಟ್ಟಕ್ಕೆ ಗತಿಯಿಲ್ದೆ ಕತ್ಲಲ್ಲಿ ಕೂತವ್ರೆ. ನಮ್ಮನೆಯಿಂದ ಒಂದು ವೈರು ಎಳ್ದು ಕೊಡು ಹೋಗು."

ನಾನು ಉದ್ದನೆಯ ಎಕ್ಸ್‌ಟೆನ್ಷನ್ ವೈರನ್ನು ಬೇಲಿಯ ಮೇಲಿಂದ ದಾಟಿಸಿ, ಜೊತೆಗೆ ಒಂದು ಬಟ್ಟಲು ಅವರೆಕಾಳು ಸಾರು ಕೊಟ್ಟೆ. ಅವರು ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ವೈರಿನ ತುದಿ ಹಿಡಿದು ಸ್ವಲ್ಪ ಹೊತ್ತು ಎರಡನ್ನೂ ನೋಡಿದರು. "ಇದು ದೊಡ್ಡ ಮನಸ್ಸು," ಅಂದರು. ಮಾರನೆಯ ದಿನ ವೈರು ಅಚ್ಚುಕಟ್ಟಾಗಿ ಸುತ್ತಿ ದಾರ ಕಟ್ಟಿಕೊಂಡು ವಾಪಸ್ಸು ಬಂತು. ತೊಳೆದ ಬಟ್ಟಲಿನಲ್ಲಿ ಅವರ ಕೋಳಿಯ ಮೊಟ್ಟೆಗಳಿದ್ದವು. ಮನೆಗೆ ಕರೆಂಟು ಇತ್ತಂತೆ. ಅವರೇ ಮೇನ್ ಆರಿಸಿಟ್ಟಿದ್ದರಂತೆ.

ಅವರು ಆಮಿಶ್ ಎಂಬ ಜನ. ಪೆನ್ಸಿಲ್ವೇನಿಯಾದ ರೈತರು, ಹಳೆಯ ಕಾಲದ ಕ್ರೈಸ್ತರು. ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ವಿದ್ಯುತ್ತಿನ ತಂತಿ ಎಳೆಯುವುದಿಲ್ಲ, ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ. ಅವರ ಒಬ್ಬಳೇ ಮಗಳು ಹೊರಗಿನವನನ್ನು ಮದುವೆಯಾಗಿ ಸ್ಯಾನ್ ಹೋಸೆಗೆ ಬಂದಳು. ತಾಯಿ ಕೊರಗಿ ಹಾಸಿಗೆ ಹಿಡಿದಾಗ ಇವರು ಹೆಂಡತಿಯನ್ನು ಕರೆದುಕೊಂಡು ಮಗಳ ಹತ್ತಿರಕ್ಕೆ ಬಂದುಬಿಟ್ಟರು. ಅದಕ್ಕೆ ಅವರ ಚರ್ಚಿನ ಸಭೆಯವರು ಇವರನ್ನು ಹೊರಗೆ ಹಾಕಿದರು. ಆಮೇಲೆ ಹೆಂಡತಿ ತೀರಿಕೊಂಡರು. ಮಗಳು ಗಂಡನ ಕೆಲಸಕ್ಕೆಂದು ಟೆಕ್ಸಾಸ್‌ಗೆ ಹೋದಳು. ಇವರು ಗಿಲ್‌ರಾಯ್‌ನಲ್ಲಿ ಉಳಿದರು, ಗ್ಯಾರೇಜಿನಲ್ಲಿ ಕೈ ಉಳಿ ಹಿಡಿದು ಬೀರು ಮೇಜು ಮಾಡುತ್ತಾ.

"ಹೊರಗೆ ಹಾಕಿದ ಮೇಲೂ ದೀಪ ಹಚ್ಚಬಾರದಾ?" ಎಂದು ಕೇಳಿದೆ.

"ಅವರು ಹೊರಗೆ ಹಾಕಿದ್ದು ನನ್ನನ್ನು. ನಿಯಮವನ್ನಲ್ಲ."

ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಆಡುತ್ತಿದ್ದುದು ನಿಧಾನದ ಇಂಗ್ಲಿಷು, ಮನೆಮಾತು ಜರ್ಮನ್ನಿನ ಜಾತಿಯದು. ಆಮಿಶರಲ್ಲದವರೆಲ್ಲ ಅವರ ಪಾಲಿಗೆ 'ಇಂಗ್ಲಿಷಿನವರು'. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಡುಮ್ಕಿ ಹೊಡೆದ ನನ್ನನ್ನು ಇಂಗ್ಲಿಷಿನವನು ಎಂದು ಕರೆದವರು ಈ ಭೂಮಿಯ ಮೇಲೆ ಅವರೊಬ್ಬರೇ.

ಕೆನ್ನೆ ಗಲ್ಲದ ತುಂಬ ಬಿಳಿ ಗಡ್ಡ, ಮೇಲ್ತುಟಿ ಮಾತ್ರ ನುಣ್ಣಗೆ. "ಎಲ್ಲಾ ಸರಿ, ಗಡ್ಡ ಬಿಟ್ಟು ಮೀಸೆ ಬೋಳಿಸವ್ರಲ್ಲ, ಉಲ್ಟಾ ಆಯ್ತಲ್ಲ," ಎಂಬುದು ಅಕ್ಕನ ಮೊದಲ ಅಭಿಪ್ರಾಯ. ಅಂಗಡಿಗೆ ಅವರು ಹೋಗುತ್ತಿದ್ದುದು ಮಕ್ಕಳು ಆಡುವಂಥ, ಒಂದು ಕಾಲಿಟ್ಟು ಇನ್ನೊಂದು ಕಾಲಿನಿಂದ ನೂಕುವ ಎರಡು ಚಕ್ರದ ಗಾಡಿಯಲ್ಲಿ. ಅರವತ್ತರ ಮನುಷ್ಯ, ಅಗಲದ ಹ್ಯಾಟು, ಮುಂದಿನ ಬುಟ್ಟಿಯಲ್ಲಿ ಎಲೆಕೋಸು. ನನ್ನ ಮಕ್ಕಳು ಹಿಂದೆ ಓಡುತ್ತಿದ್ದರು. ಅವರು ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ತಿರುವಿನಲ್ಲಿ ಕೈ ತೋರಿಸಿ ತಿರುಗುತ್ತಿದ್ದರು.

ಬೇರೆಯವರ ಕಾರಿನಲ್ಲಿ ಕೂರುವುದಕ್ಕೆ ಅಡ್ಡಿಯಿರಲಿಲ್ಲ. ಶನಿವಾರ ಮರದ ಅಂಗಡಿಗೆ, ಭಾನುವಾರ ಅವರ ಹೆಂಡತಿಯ ಸಮಾಧಿಗೆ ನಾನು ಕರೆದುಕೊಂಡು ಹೋಗುತ್ತಿದ್ದೆ. ಹ್ಯಾಟನ್ನು ಮಂಡಿಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಫ್ರೀವೇಯಲ್ಲಿ ಯಾರಾದರೂ ಸರ್ರನೆ ಮುಂದೆ ನುಗ್ಗಿದರೆ, "ಪಾಪ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ," ಎನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಇಡೀ ಬೇ ಏರಿಯಾಕ್ಕೆ ಹುಷಾರಿರಲಿಲ್ಲ.

ಅವರ ಜನ ಕೋಟಿಗೆ ಗುಂಡಿ ಹಾಕುವುದಿಲ್ಲ. ಗುಂಡಿ ಎಂದರೆ ಒಡವೆಯಂತೆ, ಜಂಬವಂತೆ. ಹುಕ್ಕು ಹಾಕುತ್ತಾರೆ. ಒಂದು ಚಳಿಗಾಲ ಅವರು ಬಾಯಿ ಬಿಟ್ಟ ಕಪ್ಪು ಕೋಟನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಇಂಥ ಹುಕ್ಕು ಈ ಊರಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಕ್ಕ ಹುಕ್ಕನ್ನು ನೋಡಿದಳು, ಅವರನ್ನು ನೋಡಿದಳು.

"ಅಯ್ಯೋ, ಇದು ರವ್ಕೆ ಹುಕ್ಕು ಕಣ್ಲಾ! ಅವ್ರಿಗೆ ಹಂಗಂತ ಹೇಳ್ಬೇಡ."

ನಾನು ಹೇಳಲಿಲ್ಲ. ಅಕ್ಕನ ಹತ್ತಿರ ಊರಿಂದ ತಂದ ಹುಕ್ಕಿನ ಪೊಟ್ಟಣಗಳು ಇಬ್ಬರ ಆಯುಷ್ಯಕ್ಕಾಗುವಷ್ಟು ಇದ್ದವು. ಅವಳೇ ಹೊಲಿದುಕೊಟ್ಟಳು. ಅವರು ಕೋಟು ಹಾಕಿಕೊಂಡು, ಹುಕ್ಕುಗಳನ್ನು ಒಂದೊಂದಾಗಿ ಸಿಕ್ಕಿಸಿ, "ನನ್ನ ಹೆಂಡತಿ ಇದಕ್ಕಿಂತ ದೂರ ದೂರ ಹೊಲಿಯುತ್ತಿದ್ದಳು," ಅಂದರು. ಅದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು. ಸೆರಗಿನಿಂದ ಕೈ ಒರೆಸಿಕೊಂಡು, "ಕೂತ್ಕೊಳಿ, ಉಂಡ್ಕೊಂಡು ಹೋಗೀರಂತೆ," ಎಂದು ಕನ್ನಡದಲ್ಲೇ ಹೇಳಿದಳು. ಅವರು ಕೂತರು. ಅವರು ಕಲಿತ ಮೊದಲ ಕನ್ನಡ ಪದ 'ಸಾಕು'. ಅಕ್ಕ ಬಡಿಸುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆ ಪದದಿಂದ ಅವರಿಗೆ ಪ್ರಯೋಜನವೂ ಆಗಲಿಲ್ಲ.

ಅಂದಿನಿಂದ ಅವರು ವಾರದಲ್ಲಿ ಮೂರು ನಾಲ್ಕು ದಿನ ನಮ್ಮ ಅಡಿಗೆಮನೆಯಲ್ಲಿರುತ್ತಿದ್ದರು. ಮುದ್ದೆಯನ್ನು ಅಗಿಯಬಾರದು ಎಂದು ಅಕ್ಕ ಗಂಟಲು ಮುಟ್ಟಿ ತೋರಿಸಿದಳು. ಅವರು ತಮ್ಮ ಕಡೆಯ ಉಪ್ಪಿನಕಾಯಿ ತಂದರು, ಅದರಲ್ಲಿ ಸಕ್ಕರೆ ಇತ್ತು. "ಇದನ್ನ ಮಾಡ್ದೋರ್ಗೆ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದು ಕೇಳಿ, ಅಕ್ಕ ಮೂರು ಸಲ ಹಾಕಿಸಿಕೊಂಡು ತಿಂದಳು. ಅದುವರೆಗೆ ಅವರನ್ನು ಎಲ್ಲರಂತೆ ಹೆಸರು ಹಿಡಿದು ಕರೆಯುತ್ತಿದ್ದವಳು, ಇದ್ದಕ್ಕಿದ್ದಂತೆ 'ಪಕ್ಕದ್ಮನೆಯೋರು' ಎನ್ನತೊಡಗಿದಳು. ಕೆಲವು ವಾರದಲ್ಲಿ ಅದು ಬರೀ 'ಅವ್ರು' ಆಯಿತು. ಹೆಂಗಸು ಹೆಸರು ಬಿಟ್ಟು 'ಅವ್ರು' ಎಂದರೆ ನಮ್ಮ ಕಡೆ ಏನರ್ಥ ಎಂದು ಎತ್ತು ಮೇಯಿಸುವವನಿಗೂ ಗೊತ್ತು. ನನಗೆ ಹೊಳೆಯಲಿಲ್ಲ.

ಬೇಸಿಗೆ ಶುರುವಿನಲ್ಲಿ ಅಕ್ಕ ಹಿತ್ತಲಿನ ಹುಲ್ಲು ಕಿತ್ತು, ಮಡಿ ಮಾಡಿ ಸೆಲರಿ ಎಂಬ ದಂಟಿನ ಸೊಪ್ಪು ನೆಟ್ಟಳು. ಕೊತ್ತಂಬರಿ ನೆಡುತ್ತಿದ್ದ ಜಾಗದಲ್ಲೂ ಸೆಲರಿಯೇ.

"ಇದ್ಯಾಕಕ್ಕ? ಇದನ್ನ ಯಾರು ತಿಂತಾರೆ?"

"ಬೇಕಾಯ್ತದೆ ಬಿಡ್ಲಾ."

ಜುಲೈಯ ಒಂದು ಭಾನುವಾರ ಸಮಾಧಿಯಿಂದ ಹಿಂದಿರುಗುವಾಗ ಅವರು ಕಾರಿನಲ್ಲಿ ಹೇಳಿದರು, "ನಮ್ಮಲ್ಲಿ ಗಂಡಸು ತಾನೇ ಹೋಗಿ ಕೇಳುವುದಿಲ್ಲ. ಸಭೆಯ ಹಿರಿಯನೊಬ್ಬ ಯಾರಿಗೂ ಕಾಣದಂತೆ ಹೆಣ್ಣಿನ ಮನೆಗೆ ಹೋಗಿ ಕೇಳಿ ಬರುತ್ತಾನೆ. ಅವನು ತಂದ ಮಾತೇ ಮಾತು. ನನಗೆ ಇಲ್ಲಿ ಸಭೆಯಿಲ್ಲ, ಹಿರಿಯರೂ ಇಲ್ಲ. ನೀನು ಅವಳ ತಮ್ಮ. ನೀನು ಹೋಗಿ ಕೇಳಿ ಬಾ."

ನಾನು ತಬ್ಬಿಬ್ಬಾಗಿ, "ಇವತ್ತೇ ಯಾಕೆ?" ಎಂದು ಮಾತ್ರ ಕೇಳಿದೆ.

"ಈಗಷ್ಟೇ ನನ್ನ ಹೆಂಡತಿಗೆ ಹೇಳಿ ಬಂದೆ. ಅವಳಿಗೆ ಮೊದಲು ಗೊತ್ತಾಗಬೇಕಿತ್ತು."

ನಿಮ್ಮ ಸಭೆಯವರು ಸುಮ್ಮನಿರುತ್ತಾರಾ, ನಾವು ಬೇರೆ ದೇವರ ಜನ ಎಂದೆ. "ನನ್ನನ್ನು ಹೊರಗೆ ಹಾಕಿ ಆಗಿದೆ. ಎರಡನೇ ಸಲ ಹಾಕಲು ಬರುವುದಿಲ್ಲ," ಅಂದರು.

ಅವರು ತಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತರು. ನಾನು ನಮ್ಮ ಮನೆಯೊಳಕ್ಕೆ ಹೋದೆ. ಅಕ್ಕ ಮಗಳಿಗೆ ಜಡೆ ಹೆಣೆಯುತ್ತಿದ್ದಳು. ಮಗ ಅವಳ ಬೆನ್ನಿಗೆ ಒರಗಿ ಏನೋ ತಿನ್ನುತ್ತಿದ್ದ. ಇವಳು ಹೋದರೆ ಈ ಮಕ್ಕಳನ್ನು ನೋಡುವವರು ಯಾರು, ಈ ಮನೆಯಲ್ಲಿ ನಮ್ಮನ್ನು ಇಟ್ಟುಕೊಳ್ಳುವವರು ಯಾರು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಜನ ಏನೆನ್ನುತ್ತಾರೆ ಎಂಬುದನ್ನು ಆಮೇಲೆ ಸೇರಿಸಿಕೊಂಡೆ, ಮರ್ಯಾದೆಗೆ. "ಕಾಫಿ ಕೊಡ್ಲಾ?" ಅಂದಳು ಅಕ್ಕ. ಕುಡಿದೆ. ಲೋಟ ತೊಳೆದಿಟ್ಟೆ. ಹೊರಗೆ ಬಂದು ಬೇಲಿಯ ಹತ್ತಿರ ನಿಂತು ಹೇಳಿದೆ:

"ಅವಳು ಒಪ್ಪಲಿಲ್ಲ."

ಅವರು ಎದ್ದು ನಿಂತರು. ನಮ್ಮ ಹಿತ್ತಲಿನ ಕಡೆ ಒಂದು ಸಲ ನೋಡಿದರು. "ಸರಿ," ಅಂದರು. "ಹೋಗಿ ಬಂದದ್ದಕ್ಕೆ ಉಪಕಾರವಾಯಿತು."

ಮಾರನೆಯ ದಿನ ಎಂದಿನಂತೆ ಬೇಲಿಯ ಮೇಲೆ ಮೊಟ್ಟೆಯ ಬುಟ್ಟಿ ಇತ್ತು. ಶನಿವಾರ ಮರದ ಅಂಗಡಿಗೆ ಬಂದರು, ಮುಂದೆ ನುಗ್ಗಿದವನ ಮನೆಯವರಿಗಾಗಿ ಮರುಗಿದರು. ಒಳಗೆ ಊಟಕ್ಕೆ ಬರುವುದನ್ನು ಮಾತ್ರ ನಿಲ್ಲಿಸಿದರು. ಅಕ್ಕ ಒಂದು ವಾರ ನೋಡಿ, "ಅವ್ರು ನಿನ್ನತ್ರ ಏನಾದ್ರೂ ಅಂದ್ರೇನ್ಲಾ?" ಎಂದು ಕೇಳಿದಳು.

"ಏನೂ ಇಲ್ವಲ್ಲ."

ಒಂದು ಸುಳ್ಳನ್ನು ಅವರಿಗೆ, ಒಂದನ್ನು ಇವಳಿಗೆ ಹೀಗೆ ಕೊಟ್ಟೆ.

ಸೆಲರಿ ಮಾತ್ರ ಬೆಳೆಯಿತು. ಅಕ್ಕ ಅದಕ್ಕೆ ಬೆಳಿಗ್ಗೆ ಸಂಜೆ ನೀರು ಹಾಯಿಸುತ್ತಿದ್ದಳು. ನಡುನಡುವೆ ಕಿತ್ತು ತೆಳುವು ಮಾಡಿದ್ದೆಲ್ಲ ನಮ್ಮ ತಟ್ಟೆಗೆ ಬರುತ್ತಿತ್ತು. ಸೆಲರಿ ಹುಳಿ, ಸೆಲರಿ ಪಲ್ಯ, ಸೆಲರಿ ಬೋಂಡ. "ಇದೇನ್ರೀ, ನಮ್ಮಪ್ಪ ದನಕ್ಕೂ ಇಷ್ಟು ಹಾಕ್ತಿರ್ಲಿಲ್ಲ," ಎಂದು ನನ್ನ ಹೆಂಡತಿ ಪಿಸುಗುಟ್ಟಿದಳು. ಅಕ್ಕ ಕೇಳಿಸಿಕೊಂಡು ಇಬ್ಬರಿಗೂ ಇನ್ನೊಂದು ಸೌಟು ಹಾಕಿದಳು.

ಅಕ್ಟೋಬರಿನಲ್ಲಿ ಅವರ ತಂಗಿ ಪೆನ್ಸಿಲ್ವೇನಿಯಾದಿಂದ ರೈಲಿನಲ್ಲಿ ಬಂದರು. ಸ್ಟೇಷನ್ನಿನಿಂದ ಕರೆತಂದವನು ನಾನೇ ಆದ್ದರಿಂದ ಊಟಕ್ಕೆ ನಿಲ್ಲಿಸಿಕೊಂಡರು. ಅಲ್ಲಿ ಒಂದು ವಿಚಿತ್ರ ಕಂಡೆ. ಹೊರಗೆ ಹಾಕಿದವರ ಜೊತೆ ಒಂದೇ ಮೇಜಿನಲ್ಲಿ ಉಣ್ಣಬಾರದು ಎಂಬುದು ಅವರ ಕಟ್ಟಳೆ. ಅದಕ್ಕೆ ಅವರು ಎರಡು ಮೇಜನ್ನು ಒಂದು ಬೆರಳಿನಷ್ಟು ಅಂತರ ಬಿಟ್ಟು ಇಟ್ಟು, ಮೇಲೆ ಒಂದೇ ಬಟ್ಟೆ ಹಾಸಿದ್ದರು. ಕಣ್ಣಿಗೆ ಒಂದೇ ಮೇಜು, ಕಟ್ಟಳೆಗೆ ಎರಡು. ಬೇರೆ ಬೇರೆ ಪಂಕ್ತಿ ಕಂಡು ಬೆಳೆದ ನನಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಇಂಗ್ಲಿಷಿನವನಿಗೆ ಬಹಿಷ್ಕಾರವಿಲ್ಲವಾದ್ದರಿಂದ ನನ್ನನ್ನು ತಂಗಿಯ ಕಡೆ ಕೂರಿಸಿದರು.

ಬಿಳಿ ಕುಲಾವಿಯ ಆ ಹೆಂಗಸು ಕಿಟಕಿಯಿಂದ ಬೇಲಿಯಾಚೆ ನೋಡಿ, ಬಹಳ ಸಹಜವಾಗಿ, "ನಿಮ್ಮ ಮನೆಯಲ್ಲಿ ಯಾರ ಮದುವೆ?" ಎಂದು ನನ್ನನ್ನು ಕೇಳಿದರು.

"ಯಾರದೂ ಇಲ್ಲವಲ್ಲ."

"ಇಲ್ಲವೇ? ಅಷ್ಟು ಸೆಲರಿ ಇದೆ!"

ಆಮೇಲೆ ಆಕೆ ವಿವರಿಸಿದರು. ಅವರ ಕಡೆ ಮದುವೆ ನಡೆಯುವುದು ಸುಗ್ಗಿ ಮುಗಿದ ಮೇಲೆ. ಮದುವೆ ಊಟಕ್ಕೆ ಸೆಲರಿ ಇಲ್ಲದೆ ಆಗುವುದಿಲ್ಲ. ಗಾಜಿನ ಭರಣಿಗಳಲ್ಲಿ ನೀರು ತುಂಬಿ, ಹೂವಿನ ಬದಲು ಅದನ್ನೇ ನಿಲ್ಲಿಸುತ್ತಾರೆ. ಗಂಡು ಹೆಣ್ಣು ಒಳಗೊಳಗೇ ಒಪ್ಪಿಕೊಂಡದ್ದು ಯಾರಿಗೂ ಗೊತ್ತಿರುವುದಿಲ್ಲ. ಹೆಣ್ಣಿನ ಮನೆಯ ಹಿತ್ತಲಲ್ಲಿ ಬೇಸಿಗೆಯಲ್ಲಿ ಸೆಲರಿ ಹೆಚ್ಚಾದರೆ ಊರಿಗೆ ಗೊತ್ತಾಗುತ್ತದೆ.

ನಾನು ಬಟ್ಟೆಯ ಆಚೆ ತುದಿಗೆ ನೋಡಿದೆ. ಅವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಅಂಚಿನಿಂದ ಅಂಚಿಗೆ, ಒಂದು ಮೂಲೆಯನ್ನೂ ಬಿಡದೆ. ಜುಲೈಯಿಂದ ದಿನವೂ ಬೇಲಿಯ ಮೇಲಿಂದ ಆ ಸೆಲರಿ ಏಳುವುದನ್ನು ನೋಡುತ್ತಿದ್ದ ಮನುಷ್ಯ. ಈ ಪದ್ಧತಿಯನ್ನು ಎಂದೋ ನಮ್ಮ ಅಡಿಗೆಮನೆಯಲ್ಲಿ ಕೂತು ಅವರೇ ಅಕ್ಕನಿಗೆ ಹೇಳಿರಬೇಕು. ನಾನು ತಂದ ಉತ್ತರ ಒಂದು, ಅಕ್ಕ ನೆಟ್ಟ ಉತ್ತರ ಇನ್ನೊಂದು.

ತಂಗಿ ತಟ್ಟೆ ತೊಳೆಯಲು ಎದ್ದಾಗ ಅವರ ಹಿಂದೆ ಗ್ಯಾರೇಜಿಗೆ ಹೋಗಿ ಹೇಳಿದೆ. "ನಾನು ಅವತ್ತು ಅವಳನ್ನು ಕೇಳಲೇ ಇಲ್ಲ."

"ಗೊತ್ತು."

"ಮತ್ತೆ ನೀವೇ ಯಾಕೆ ಕೇಳಲಿಲ್ಲ?"

"ಕೇಳಿದ್ದರೆ, ನಿನ್ನ ತಮ್ಮ ಸುಳ್ಳುಗಾರ ಎಂದು ನಾನು ಅವಳಿಗೆ ಹೇಳಿದ ಹಾಗಾಗುತ್ತಿತ್ತು. ಅದನ್ನು ಹೇಳಬೇಕಾದವನು ನಾನಲ್ಲ."

"ಎಲ್ಲಿಯ ತನಕ ಕಾಯುತ್ತಿದ್ದಿರಿ?"

ಅವರು ಯೋಚಿಸಿದರು. "ಸೆಲರಿ ಹೂ ಬಿಡುವ ತನಕ," ಅಂದರು. "ಆಮೇಲೆ ಅದು ತಿನ್ನಲು ಬರುವುದಿಲ್ಲ."

ಯಾಕೆ ಹಾಗೆ ಮಾಡಿದೆ ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ಮಕ್ಕಳು, ಶಿಫ್ಟು, ಮನೆ. ಅವರು ನನ್ನ ಭಯವನ್ನು ಒಂದು ಮುರಿದ ಕುರ್ಚಿಯನ್ನು ನೋಡುವಂತೆ ಎಲ್ಲ ಕಡೆಯಿಂದ ನೋಡಿದರು. "ಅದು ನಿಜವಾದ ತೊಂದರೆ," ಅಂದರು. "ಆದರೆ ಅವಳು ಬರುವುದು ಪಕ್ಕದ ಮನೆಗೆ."

ಪಕ್ಕದ ಮನೆ ಎಷ್ಟು ದೂರ ಎಂದು ನಾನು ಯೋಚಿಸಿಯೇ ಇರಲಿಲ್ಲ.

"ಈಗ ಹೋಗಿ ಕೇಳು," ಅಂದರು.

ಅಕ್ಕ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ಪಕ್ಕದ್ಮನೆಯೋರು ನಿನ್ನ ಮದ್ವೆ ಆಗ್ತೀನಿ ಅಂತವ್ರೆ, ಕೇಳ್ಕೊಂಡು ಬಾ ಅಂತ ಕಳಿಸವ್ರೆ," ಅಂದೆ.

ಅವಳು ತಿರುಗಲಿಲ್ಲ. "ಈಗ ಬಂದ್ಯಾ?"

"ಜುಲೈನಲ್ಲೇ ಕಳಿಸಿದ್ರು ಅಕ್ಕ. ನಾನೇ—"

"ಕಾಫಿ ಕುಡ್ಕೊಂಡು ಲೋಟ ತೊಳ್ದಿಟ್ಟು ಹೋದ್ಯಲ್ಲ ಅವತ್ತು. ಹುಟ್ದಾಗ್ನಿಂದ ಒಂದು ಲೋಟ ತೊಳ್ದಿದ್ಯೇನ್ಲಾ ನೀನು? ಅವ್ರು ಒಳೀಕೆ ಬರೋದು ನಿಲ್ಸಿದ್ರು, ನೀನು ನನ್ನ ಮುಖ ನೋಡೋದು ನಿಲ್ಸಿದೆ. ಎರಡೂ ಕೂಡ್ಸಿ ನೋಡಕ್ಕೆ ನಂಗೆ ಬರಲ್ವಾ?"

"ಮತ್ತೆ ನೀನೇ ಹೋಗಿ ಅವ್ರಿಗೆ ಹೇಳ್ಬಹುದಿತ್ತಲ್ಲಕ್ಕ."

"ಹೇಳ್ಬಹುದಿತ್ತು. ಆಮೇಲೆ ನೀನು ಇದೇ ಮನೇಲಿ ತಲೆ ಎತ್ಕೊಂಡು ಉಣ್ಣೋದು ಹೆಂಗೆ?" ಕೋಲನ್ನು ಪಾತ್ರೆಯ ಅಂಚಿಗೆ ಬಡಿದಳು. "ಅದಕ್ಕೇ ಸೆಲರಿ ತಿನ್ನಿಸ್ದೆ. ಹೋಗು, ಹೂಂ ಅಂದ್ಳು ಅನ್ನು. ಹಂಗೇ ಉಣ್ಣಕ್ಕೆ ಕರ್ಕೊಂಡು ಬಾ, ತಂಗೀನೂ ಬರ್ಲಿ. ಮುದ್ದೆ ಆರೋಯ್ತದೆ."

ಹೋಗಿ ಹೇಳಿದೆ. ಅವರು, "ಸರಿ," ಅಂದರು. ಜುಲೈನಲ್ಲಿ ಅಂದದ್ದೂ ಅದೇ ಪದ, ಅದೇ ದನಿ. ಆದರೆ ಈ ಸಲ ಕೋಟು ತೊಟ್ಟು ಹುಕ್ಕು ಸಿಕ್ಕಿಸಿಕೊಳ್ಳುವಾಗ ಒಂದು ಹುಕ್ಕು ತಪ್ಪಿ ಇನ್ನೊಂದರ ಜಾಗಕ್ಕೆ ಹೋಯಿತು. ತಂಗಿ ಸರಿ ಮಾಡಲು ಹೋದರು. ಬೇಡವೆಂದು, ಉಂಡು ಎದ್ದವರು ಮತ್ತೆ ಉಣ್ಣಲು ಹಾಗೆಯೇ ಬಂದರು.

ನವೆಂಬರಿನ ಒಂದು ಗುರುವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಯಿತು. ಡ್ಯಾನ್‌ವಿಲ್ಲಿನಿಂದ ಬಂದಿದ್ದ ಭಾವನ ಹಳೆಯ ಸ್ನೇಹಿತರೊಬ್ಬರು ಭರಣಿಗಳಲ್ಲಿ ನಿಂತ ಸೆಲರಿ ನೋಡಿ, "ಹೂವಿಗೇನು ಕಡಿಮೆ ಆಗಿತ್ತು ಈ ದೇಶದಲ್ಲಿ?" ಎಂದು ಕೇಳಿದರು. ಬೇರೆ ಮಾತುಗಳನ್ನೂ ಕೆಲವರು ಆಡಿದರು. ಊಟ ಮಾತ್ರ ಯಾರೂ ಬಿಡಲಿಲ್ಲ. ಮದುವೆಯ ಮಾರನೆಯ ದಿನ ಮದುಮಗ ಉಳಿ ಸುತ್ತಿಗೆ ತಂದು ಬೇಲಿಯ ಹಲಗೆ ಬಿಚ್ಚಿ, ಮಕ್ಕಳು ಓಡಾಡುವಷ್ಟು ದಾರಿ ಮಾಡಿದರು. ಅಕ್ಕ ಬೆಳಿಗ್ಗೆ ಆ ದಾರಿಯಲ್ಲಿ ಬಂದು ಮಗಳಿಗೆ ಜಡೆ ಹಾಕಿ, ಅದೇ ದಾರಿಯಲ್ಲಿ ಹೋಗುತ್ತಿದ್ದಳು. ರಾತ್ರಿ ಎರಡು ಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟು.

ಆ ವಾರವೇ ನಾನು ಅವರ ಮುಂದೆ ಮತ್ತೆ ಆ ಮಾತು ಎತ್ತಿದೆ. ಕ್ಷಮಿಸಿ ಎಂದು ಸರಿಯಾಗಿ ಹೇಳಿರಲಿಲ್ಲ ಅನ್ನಿಸಿತ್ತು. ಅವರು ತಡೆದರು. "ನಮ್ಮಲ್ಲಿ ತಪ್ಪು ಮಾಡಿದವನು ಸಭೆಯ ಮುಂದೆ ಮಂಡಿಯೂರಿ ಹೇಳಿಕೊಳ್ಳುತ್ತಾನೆ. ಹೇಳಿದ ಮೇಲೆ ಅದು ಮುಗಿಯಿತು. ಆಮೇಲೆ ಯಾರೂ ಆಡಬಾರದು. ಅವನೂ ಆಡಬಾರದು. ಆಡಿದರೆ ಅದು ಇನ್ನೊಂದು ತಪ್ಪು."

"ನಾನು ಮಂಡಿಯೂರಲಿಲ್ಲವಲ್ಲ."

"ಗ್ಯಾರೇಜಿನ ನೆಲ ಗಲೀಜಾಗಿತ್ತು," ಅಂದರು.

ಆಮೇಲೆ ಅವರು ಸಾಯುವ ತನಕ, ಅಕ್ಕ ಸಾಯುವ ತನಕ, ಇಬ್ಬರ ಬಾಯಲ್ಲೂ ಆ ಬೇಸಿಗೆಯ ಮಾತು ಬರಲಿಲ್ಲ. ಜಗಳದಲ್ಲೂ ಬರಲಿಲ್ಲ, ತಮಾಷೆಗೂ ಬರಲಿಲ್ಲ. ನನಗೆ ಅದು ಬೈಗುಳಕ್ಕಿಂತ ಭಾರವಾಗಿತ್ತು. ಅವರು ಹಾಸಿಗೆ ಹಿಡಿದ ಕಡೆಯ ದಿನಗಳಲ್ಲಿ ಒಮ್ಮೆ, ಅಕ್ಕ ಪಕ್ಕದಲ್ಲಿಲ್ಲದಾಗ, "ಆ ಜುಲೈಯಿಂದ ಅಕ್ಟೋಬರು, ಅಷ್ಟು ದಿನ ನಿಮ್ಮಿಬ್ಬರದು, ನಾನು ತಿಂದುಬಿಟ್ಟೆ," ಎಂದು ಶುರು ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ಸ್ಪಷ್ಟ ಕನ್ನಡದಲ್ಲಿ, "ಸಾಕು," ಅಂದರು. ಆ ಪದಕ್ಕೆ ಯಾರಾದರೂ ಬೆಲೆ ಕೊಟ್ಟದ್ದು ಅದೊಂದೇ ಸಲ. ನಾನು ನಿಲ್ಲಿಸಿದೆ.

ಈಗ ಎಲ್ಲವನ್ನೂ ಬರೆದಿದ್ದೇನೆ. ಅವರ ಕಟ್ಟಳೆಯ ಪ್ರಕಾರ ಇದು ಇನ್ನೊಂದು ತಪ್ಪು. ಇದನ್ನು ಹೇಳಿಕೊಂಡು ಮುಗಿಸೋಣವೆಂದರೆ, ಮುಗಿಯಿತು ಎಂದು ಹೇಳಬೇಕಾದ ಇಬ್ಬರೂ ಈಗ ಇಲ್ಲ.